ಬೀಜದಲ್ಲಿ ಎಣ್ಣೆ ಕೂತ ವರ್ಷ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಒಂದು ಮರದ ಗಾಣದ ಅಂಗಡಿ ಇದೆ. ಮರದ ಗಾಣ ಅಂದ ಕೂಡಲೇ ಎತ್ತು ನೆನಪಿಸಿಕೊಳ್ಳಬೇಡಿ. ಒರಳು, ಒನಕೆ ಮಾತ್ರ ಮರದ್ದು, ತಿರುಗಿಸುವುದು ಮೋಟರು. ಮೊನ್ನೆ ಅತ್ತಿಗೆ ಬಸ್ಸಿಗೆ ಹಾಕಿ ಕಳಿಸಿದ ಕಡಲೇಬೀಜದ ಚೀಲವನ್ನು ಆಟೋದಲ್ಲಿಟ್ಟುಕೊಂಡು ಅಲ್ಲಿಗೆ ಹೋಗಿದ್ದೆ. ಅಂಗಡಿಯ ಸಿದ್ದಪ್ಪ ಬೀಜ ಸುರಿದು ಸ್ವಿಚ್ ಒತ್ತಿದ. ಮೊದಲು ಬರೀ ಕಿರುಗುಟ್ಟುವ ಸದ್ದು ಬಂತು, ಆಮೇಲೆ ಬೀಜ ಮುದ್ದೆಯಾಗುವಾಗಿನ ಹಸಿ ವಾಸನೆ, ಸ್ವಲ್ಪ ಹೊತ್ತಿಗೆ ಎಣ್ಣೆಯ ವಾಸನೆ. ಆ ವಾಸನೆ ಬಂದದ್ದೇ ತಡ, ನನ್ನ ಬಲಗೈ ತಾನಾಗಿ ಸೆರಗಿನೊಳಗೆ ಸೇರಿಕೊಂಡಿತು. ಪ್ರತಿ ಸಲವೂ ಹೀಗೇ ಆಗುತ್ತದೆ. ಸಿದ್ದಪ್ಪ ಅದನ್ನು ನೋಡಿಯೂ ಇದ್ದಾನೆ. ಗಿರಾಕಿಗಳ ವಿಚಿತ್ರಗಳನ್ನೆಲ್ಲ ಕೇಳುತ್ತಾ ಕೂತರೆ ಅಂಗಡಿ ನಡೆಯಲ್ಲ ಅಂತಲೋ ಏನೋ, ಕಾರಣ ಕೇಳಿಲ್ಲ.

ಅಣ್ಣ ತೀರಿಕೊಂಡ ವರ್ಷದ ಮಾತು ಇದು. ಆಗಲೂ ನಾನು ಈಗಿನ ಹಾಗೆ ಯಳಂದೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಿದ್ದೆ. ಹನೂರು ದಾಟಿ, ಕಾಡಿನಂಚಿಗೆ ಹತ್ತಿರ ಇರುವ ನಮ್ಮೂರಿನಲ್ಲಿ ಅವ್ವ, ಅಣ್ಣ ಮಾದೇವ, ಅತ್ತಿಗೆ ಮಂಜುಳ ಇದ್ದರು. ಅಣ್ಣನಿಗೆ ಮಕ್ಕಳಿರಲಿಲ್ಲ. ಆ ವರ್ಷ ಮುಂಗಾರು ಹಿಂದೆ ಬಿತ್ತು. ಸುತ್ತಲಿನವರೆಲ್ಲ ಹೊತ್ತಾಯಿತೆಂದು ರಾಗಿಗೆ ತಿರುಗಿಕೊಂಡರೆ ಇವನೊಬ್ಬ ಕಡಲೇಕಾಯಿಯೇ ಆಗಬೇಕೆಂದು ಹಟ ಹಿಡಿದ. ಬೀಜ ಅವನದೇ. ಹಿಂದಿನ ಬೆಳೆಯಲ್ಲಿ ಆಯ್ದು, ಬಂಡೆಯ ಮೇಲೆ ಒಣಗಿಸಿ, ಬೇವಿನ ಸೊಪ್ಪು ಹಾಕಿ ಎತ್ತಿಟ್ಟದ್ದು. ಅವನು ಮುಂದೆ ನೇಗಿಲು ಹಿಡಿದ, ಅತ್ತಿಗೆ ಹಿಂದೆ ಸಾಲಿಗೆ ಬೀಜ ಬಿಡುತ್ತಾ ನಡೆದಳು. ಹಳದಿ ಹೂ ಬಿಟ್ಟ ವಾರ, ಬೆಳಿಗ್ಗೆ ಹೊಲಕ್ಕೆ ಹೋಗಿ ಬಂದವನು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತ. ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ, ಕಾರಿನಲ್ಲೇ, ಹೋಗಿಬಿಟ್ಟ. ನನಗೆ ಫೋನು ಬಂದಾಗ ನಾನು ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬರೆಯುತ್ತಿದ್ದೆ. ಬರೆದು ಮುಗಿಸಿಯೇ ಹೊರಟೆ.

ನನಗೆ ಅಳು ಬರಲಿಲ್ಲ. ಮಣ್ಣು ಮಾಡುವಾಗಲೂ ಬರಲಿಲ್ಲ, ಹನ್ನೊಂದನೇ ದಿನಕ್ಕೂ ಬರಲಿಲ್ಲ. ಮಂಡಿ ಮಡಚಿ ತುಂಬಾ ಹೊತ್ತು ಕೂತರೆ ಕಾಲು ಜೋಮು ಹಿಡಿದು, ಮುಟ್ಟಿದರೆ ಯಾರದೋ ಕಾಲು ಅನ್ನಿಸುತ್ತದಲ್ಲ, ನಾನು ಇಡೀ ಆಳೇ ಹಾಗಾಗಿದ್ದೆ. ಹಸಿವಾಗುತ್ತಿತ್ತು, ಉಣ್ಣುತ್ತಿದ್ದೆ, ಉಪ್ಪು ಹೆಚ್ಚೋ ಕಡಿಮೆಯೋ ಗೊತ್ತಾಗುತ್ತಿರಲಿಲ್ಲ. ಊರಿನ ಹೆಂಗಸರು ನನ್ನ ಬೆನ್ನ ಹಿಂದೆ, ನನಗೆ ಕೇಳಿಸುವಷ್ಟು ಮೆಲ್ಲಗೆ, "ಓದ್ದೋರ ಕರುಳು ಕಲ್ಲು ಕಣವ್ವ" ಎಂದರು. ಸಿಟ್ಟೂ ಬರಲಿಲ್ಲ. ನಿಜವೇ ಇರಬೇಕು ಅಂದುಕೊಂಡು ಬಸ್ಸು ಹತ್ತಿ ಯಳಂದೂರಿಗೆ ವಾಪಸ್ಸಾದೆ, ಉಳಿದ ಪಾಠ ಮುಂದುವರಿಸಿದೆ. ಶನಿವಾರ ಮಧ್ಯಾಹ್ನ ಮತ್ತೆ ಊರಿಗೆ, ಸೋಮವಾರ ಬೆಳಿಗ್ಗೆ ಮತ್ತೆ ಕಾಲೇಜಿಗೆ. ಆ ತಿಂಗಳುಗಳಲ್ಲಿ ನನಗೆ ನೆಟ್ಟಗೆ ನೆನಪಿರುವುದು ಬಸ್ಸಿನ ಕಿಟಕಿ ಮಾತ್ರ.

ಅತ್ತಿಗೆಯ ತವರು ಮುಳ್ಳೂರು. ಅವಳ ಅಪ್ಪ, ಅಣ್ಣಂದಿರು ಕರೆದುಕೊಂಡು ಹೋಗಲು ಬಂದರು. ಅವಳು ಹೊಲದ ಕಡೆ ಕೈ ತೋರಿಸಿ, "ಕಾಯಿ ಕೀಳಗಂಟ ನಾ ಎಲ್ಗೂ ಬರಲ್ಲ. ಅದು ನಾನೂ ಬಿತ್ತಿರೋದು" ಎಂದಳು. ಅವರು ಕಾಫಿ ಕುಡಿದು ಹೊರಟುಹೋದರು.

ಅವ್ವ ಹಿಡಿದ ಹಟ ಇನ್ನೊಂದು. ಮಾರ್ನಮಿ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಬದುಕಿದ್ದಾಗ ಏನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಆಚೆ ಬಂದು ಕೂರುವುದು. ಅವರು ಬಂದು ಉಂಡು ಹೋಗಲಿ ಅಂತ. ಅಣ್ಣನಿಗೆ ಅದು ಮೊದಲನೆಯ ಎಡೆ. ಅವನ ಪ್ರಾಣ ಅಂದರೆ ಕಜ್ಜಾಯ. ಹಬ್ಬದ ದಿನ ಅವ್ವ ಒಲೆ ಮುಂದೆ ಕೂತು ಮೊದಲನೇ ಕಜ್ಜಾಯ ಎತ್ತಿ ತಟ್ಟೆಗೆ ಹಾಕಿದ್ದೇ ತಡ, ಎಲ್ಲಿದ್ದರೂ ಬಂದು ಅದನ್ನು ಹಾರಿಸುತ್ತಿದ್ದ. ಎಡೆಗೆ ಮುಂಚೆ ಎಂಜಲು ಮಾಡುತ್ತಾನೆಂದು ಅವ್ವ ಫಟಾರನೆ ಕೈಗೆ ಬಿಡುತ್ತಿದ್ದಳು. ಹತ್ತು ವರ್ಷದವನಿದ್ದಾಗಲೂ ಅದೇ, ತಲೆ ನರೆತ ಮೇಲೂ ಅದೇ. ಏಟು ತಿಂದ ಕೈ ಒದರಿಕೊಳ್ಳುತ್ತಾ, ಬಾಯಿ ಸುಟ್ಟುಕೊಂಡು ನಗುತ್ತಾ ಆಚೆ ಓಡುತ್ತಿದ್ದ.

ಅವ್ವ ನನ್ನನ್ನು ಕೂರಿಸಿಕೊಂಡು ಹೇಳಿದಳು. "ನನ್ ಮಗ ಬಿತ್ತಿರೋ ಕಾಯಿ ಎಣ್ಣೇಲೇ ಅವ್ನ ಕಜ್ಜಾಯ ಬೇಯ್ಬೇಕು ಕಣಮ್ಮಿ. ಅಂಗಡಿ ಪಾಕೀಟ್ ಕುಯ್ದು ಉಯ್ದು ಸುಟ್ಟಿಕ್ಕಕೆ ಅವ್ನೇನು ಪರದೇಸಿಯಾ?"

ಅಷ್ಟೇ ಅವಳ ಆಸೆ. ಅದಕ್ಕಿಂತ ಹೆಚ್ಚಿಗೆ ಅವಳು ದೇವರನ್ನೂ ಕೇಳಲಿಲ್ಲ, ನಮ್ಮನ್ನೂ ಕೇಳಲಿಲ್ಲ. ತೊಂದರೆ ಏನೆಂದರೆ, ಬಿತ್ತನೆ ಹಿಂದೆ ಬಿದ್ದಿತ್ತು, ಅಮಾವಾಸ್ಯೆ ಮಾತ್ರ ತನ್ನ ದಿನಕ್ಕೇ ಬರುವುದರಲ್ಲಿತ್ತು.

ಕಡಲೇಕಾಯಿಯ ಹೂ ಮೇಲೆ ಬಿಟ್ಟರೂ ಕಾಯಿ ಕಟ್ಟುವುದು ಮಣ್ಣಿನಲ್ಲಿ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಒಂದು ತೊಟ್ಟು ಹೊರಟು, ಕೆಳಗೆ ಬಾಗಿ, ಮಣ್ಣಿಗೆ ಇಳಿಯುತ್ತದೆ. ಅದರ ತುದಿಯಲ್ಲಿ ಕಾಯಿ ಊದುತ್ತದೆ. ಮೊದಲು ದೊಡ್ಡದಾಗುವುದು ಸಿಪ್ಪೆ. ಒಳಗಿನ ಬೀಜ ಆಗಿನ್ನೂ ಬರೀ ನೀರು. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆ ತೊಟ್ಟಿನ ದಾರಿಯಲ್ಲೇ ಇಳಿದು ಬಂದು ಬೀಜ ಸೇರುತ್ತದೆ. ಎಳೆಕಾಯಿ ಸಿಹಿಯಾಗಿರುವುದು ಅದಕ್ಕೇ. ಎಣ್ಣೆ ಮೇಲಿನಿಂದ ಬರುವುದಿಲ್ಲ. ಬಂದ ಸಕ್ಕರೆಯನ್ನು ಬೀಜವೇ ಮುರಿದು, ಜೋಡಿಸಿ, ಎಣ್ಣೆ ಮಾಡಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು, ಒಂದಕ್ಕೊಂದು ಕೂಡಿಕೊಳ್ಳದ ಹಾಗೆ ಪ್ರತಿ ಹನಿಗೂ ಒಂದು ತೆಳು ಹೊದಿಕೆ. ಹನಿ ತುಂಬುತ್ತಾ ಬಂದ ಹಾಗೆ ನೀರು ಜಾಗ ಬಿಡುತ್ತದೆ. ಇದು ಒಂದು ವಾರದ ಕೆಲಸವಲ್ಲ. ಅವರೆ, ತೊಗರಿ, ಹುರುಳಿ ಎಲ್ಲ ಇದೇ ವಂಶದವು, ಆದರೆ ಅವು ಹಿಟ್ಟು ತುಂಬಿಕೊಂಡು ಸುಮ್ಮನಾಗುತ್ತವೆ. ಕಡಲೇಕಾಯಿಗೆ ಎಣ್ಣೆಯೇ ಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

ಇಷ್ಟನ್ನೂ ನಾನು ಅವ್ವನಿಗೆ ಹೇಳಿದೆ. ಪಾಠ ಒಪ್ಪಿಸುವ ದನಿಯಲ್ಲಿ, ಮುಖದಲ್ಲಿ ಏನೂ ಇಲ್ಲದೆ ಹೇಳಿದೆ. ಅವ್ವ ಅರ್ಧ ಕೇಳಿ ಎಲೆಯಡಿಕೆ ಹುಡುಕಲು ಎದ್ದಳು. ಅತ್ತಿಗೆ ಎರಡು ಗಿಡ ಕಿತ್ತುಕೊಂಡು ಬಂದು ಕಾಯಿ ಒಡೆದು ತೋರಿಸಿದಳು. "ಅತ್ತೆ, ಇನ್ನೂ ಎಳೇವು. ಸಿಪ್ಪೆ ಒಳ್ಗೆಲ್ಲ ಬೆಳ್ಳಗೆ ಅದೆ. ಒಳ್ಗಡೆ ಕಪ್ಪು ಕಟ್ಬೇಕು, ಆಗ ಎಣ್ಣೆ."

"ನಿನ್ ಸಿಪ್ಪೆ ಕಪ್ಪಾಗಗಂಟ ಅಮಾಸೆ ಕಾಯ್ತದಾ?" ಎಂದಳು ಅವ್ವ.

ನಾನು ಹಳೆಯ ಪೇಪರಿನ ತುಂಡು ತಂದೆ. ಮಕ್ಕಳಿಗೆ ಮಾಡಿಸುವ ಪ್ರಯೋಗ, ಬೀಜವನ್ನು ಕಾಗದಕ್ಕೆ ಉಜ್ಜಿ ಬಿಸಿಲಿಗೆ ಹಿಡಿಯುವುದು. ಎಳೆ ಬೀಜ ಉಜ್ಜಿದ ಕಡೆ ಒಂದು ಒದ್ದೆ ಕಲೆ ಮೂಡಿತು. ಅವ್ವ ಬಗ್ಗಿ ನೋಡಿ, "ಇಗಾ, ಎಣ್ಣೆ ಅದೆಯಲ್ಲ! ಇಲ್ಲ ಅಂತಿದ್ರಿ" ಎಂದಳು. ಅವಳ ಮುಖದಲ್ಲಿ ಅಷ್ಟು ದಿನಗಳಲ್ಲಿ ಮೊದಲ ಸಲ ಒಂದು ಗೆಲುವು ಕಂಡಿತು.

"ಇರವ್ವ, ಒಣಗಲಿ. ನೀರಾದರೆ ಹೋಗುತ್ತೆ, ಎಣ್ಣೆಯಾದರೆ ಉಳಿಯುತ್ತೆ" ಎಂದೆ.

ಅವಳು ಕಾಯಲಿಲ್ಲ. ಕಲೆ ಆರಿ ಕಾಗದ ಮೊದಲಿನ ಹಾಗೆ ಆಗುವಷ್ಟರಲ್ಲಿ ಅವ್ವ ಕೀಳುವ ಆಳುಗಳಿಗೆ ಹೇಳಿ ಬಂದಾಗಿತ್ತು. ನಾನು ಕಾಗದ ತೋರಿಸಿದೆ, ಅವಳು ನೋಡಲಿಲ್ಲ. ಅತ್ತಿಗೆ ಹೊಲದ ನಡುವೆ ನಿಂತು, "ಬದುವಿಂದ ಈಚೆ ನೀವ್ ಕಿತ್ಕಳಿ. ಆಚೆದು ಮುಟ್ಟದಾದ್ರೆ ನನ್ ತುಳ್ಕಂಡೋಗಿ" ಎಂದಳು. ಗಂಡ ಸತ್ತ ಮನೆಯಲ್ಲಿ ಅತ್ತೆ ಸೊಸೆ ಹೊಲ ಹಂಚಿಕೊಂಡರೆಂದು ಊರು ಎರಡು ದಿನ ಬಾಯಿ ಚಪ್ಪರಿಸಿತು. ಅರ್ಧ ಹೊಲ ಕಿತ್ತದ್ದಾಯಿತು.

ಕಿತ್ತ ಕಾಯಿ ನೋಡಲು ಗುಂಡಗೇ ಇದ್ದವು. ಒಂದೆರಡು ಬಿಸಿಲು ಕಂಡ ಮೇಲೆ ಅಲುಗಿಸಿದರೆ ಗಿಲಕಿ. ಸುಲಿದರೆ ಬೀಜ ಸುಕ್ಕುಗಟ್ಟಿ ಅಂಗೈಯಲ್ಲಿ ತೂಕವೇ ಇಲ್ಲ. ಅವ್ವ ಅದನ್ನೇ ಚೀಲಕ್ಕೆ ತುಂಬಿ, ನನ್ನನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಬಂದಳು. ಪೂರ್ತಿ ಒಣಗಲೂ ಬಿಟ್ಟಿರಲಿಲ್ಲ, ಅಮಾವಾಸ್ಯೆ ಅಷ್ಟು ಹತ್ತಿರ ಬಂದಿತ್ತು.

ಸಿದ್ದಪ್ಪ ಹಿಡಿ ಬೀಜ ಕೈಗೆ ತಕ್ಕೊಂಡು ಒಂದನ್ನು ಕಡಿದು ಉಗಿದ. "ಇದ್ರಲ್ಲಿ ಎಣ್ಣೆ ಎಲ್ಲದವ್ವ? ನಾಕ್ ಸೇರು ಬಲ್ತಿರೋ ಬೀಜ ನಮ್ದೇ ಸೇರುಸ್ಬುಡ್ತೀನಿ ತಡಿ. ಸರಾಗ್ವಾಗಿ ಇಳೀತದೆ."

"ಬ್ಯಾಡ. ಬ್ಯಾರೇರ ಬೀಜ ಒಂದ್ ಕಾಳೂ ಬೀಳ್ಕೂಡ್ದು."

"ಎಣ್ಣೆಗೇನು ಎಸ್ರು ಬರ್ದಿರ್ತದಾ, ಬುಡವ್ವ" ಎಂದು ಅವನು ನಕ್ಕ. ಅವ್ವ ನಗಲಿಲ್ಲ. ನಾನು ಅಣ್ಣನ ವಿಷಯ ಹೇಳಿದೆ. ಸಿದ್ದಪ್ಪ ಒರಳಿನಲ್ಲಿ ಉಳಿದಿದ್ದ ಬೇರೆಯವರ ಹಿಂಡಿಯನ್ನು ಬಟ್ಟೆಯಿಂದ ಒರೆಸಿ, ನಮ್ಮ ಬೀಜ ಸುರಿದ. ಮೋಟರು ತಿರುಗಿತು. ಬೀಜ ಒರಳಿನ ಗೋಡೆಗೆ ಅಂಟಿತು, ಅವನು ಕೆದಕಿ ಮತ್ತೆ ತಳ್ಳಿದ. ಎಷ್ಟೋ ಹೊತ್ತಿನ ಮೇಲೆ ಮಬ್ಬಾದದ್ದೊಂದು ಜಿನುಗಿ ಬಂತು. ಕೆಮ್ಮಿನ ಔಷಧದ ಬಾಟಲಿಯೊಂದು ತುಂಬುವಷ್ಟು. ಬಾಂಡಲಿಯ ತಳ ನೆನೆಯಲಿಕ್ಕೂ ಸಾಲದು. ಬಸ್ಸಿನಲ್ಲಿ ಅವ್ವ ಆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನಾನು ಟಿಕೆಟ್ ತೆಗೆಸಿ ಕಿಟಕಿ ನೋಡುತ್ತಾ ಕೂತೆ. ಏನಾದರೂ ಹೇಳಬೇಕಿತ್ತೇನೋ.

ಅಮಾವಾಸ್ಯೆಯ ದಿನ ಎಡೆಗೆ ಎಲ್ಲವೂ ಬಂದವು. ಅನ್ನ, ಪಾಯಸ, ಕೋಳಿ ಕುಯ್ಯಲು ಗಂಡಸರು ಮನೆಯಲ್ಲಿಲ್ಲದ್ದರಿಂದ ಪಕ್ಕದ ಮನೆಯವರು ಮಾಡಿಕೊಟ್ಟ ಕೋಳಿ ಸಾರು, ಅವನಿಗೆ ಬೇಕಾಗಿದ್ದ ಬೀಡಿ ಕಟ್ಟು. ಅಕ್ಕಿ ಹಿಟ್ಟು, ಬೆಲ್ಲ ಸೇರಿಸಿ ಅವ್ವ ಕಜ್ಜಾಯದ ಪಾಕ ಮಾಡಿ ಇಟ್ಟಿದ್ದಳು, ಸುಡಲಿಲ್ಲ. ಎಲೆಯಲ್ಲಿ ಕಜ್ಜಾಯದ ಜಾಗ ಖಾಲಿ ಬಿಟ್ಟಳು. ಬಾಟಲಿಯಲ್ಲಿದ್ದಷ್ಟನ್ನು ಹಣತೆಗೆ ಸುರಿದು ಬತ್ತಿ ಹೊತ್ತಿಸಿದಳು. ಅದು ಚಟಚಟ ಸಿಡಿದು, ಒಂದೆರಡು ಸಲ ಎದ್ದು, ಆರಿಹೋಯಿತು. ಮತ್ತೆ ಹೊತ್ತಿಸಿದಳು, ಮತ್ತೆ ಆರಿತು.

"ನೋಡ್ದಾ? ಒಲ್ಲೆ ಅಂತಾವ್ನೆ" ಎಂದು ಅವ್ವ ಗೋಡೆಗೆ ಒರಗಿ ಕೈ ಚೆಲ್ಲಿ ಕೂತಳು.

"ಎಣ್ಣೇಲಿ ನೀರು ಉಳಿದಿದೆ ಅವ್ವ, ಅದಕ್ಕೆ ಸಿಡೀತಿದೆ" ಎಂದೆ.

"ನಿನ್ ಪಾಟ ನಿನ್ ಕಾಲೇಜ್ನಲ್ಲಿ ಮಡಿಕ."

ಆಗ ಮಾತಾಡಿದವಳು ಅತ್ತಿಗೆ. ಅರ್ಧ ಹೊಲದ ಜಗಳದ ಮೇಲೆ ಅವಳು ಅತ್ತೆಯ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. "ಒಲ್ಲೆ ಅಂದಿಲ್ಲ ಅತ್ತೆ. ಇನ್ನೂ ಆಗಿಲ್ಲ ಅಂತಾವ್ರೆ, ಅಷ್ಟೆಯ. ನಮ್ ಮುಳ್ಳೂರಲ್ಲಿ ನಮ್ಮನೇರು ಇರೀಕರ್ಗೆ ದೀವಳ್ಗೆಲಿ ಎಡೆ ಇಕ್ತಾರೆ. ಅವ್ರು ಆ ಮನೆ ಅಳಿಯ ಅಲ್ವಾ? ಅವತ್ತು ಬಂದು ಉಣ್ಲಿ."

ಹಿರಿಯರ ಎಡೆ ನಮ್ಮ ಕಡೆ ಒಂದೊಂದು ಮನೆಗೆ ಒಂದೊಂದು ಹಬ್ಬಕ್ಕೆ. ಒಬ್ಬರ ದಿನ ಇನ್ನೊಬ್ಬರು ಎತ್ತಿಕೊಳ್ಳುವುದಿಲ್ಲ. ಮಗನನ್ನು ಅಳಿಯ ಮಾಡಿ ಬೇರೆ ಮನೆಯ ಪಂಕ್ತಿಯಲ್ಲಿ ಕೂರಿಸುವುದು ಅವ್ವನಿಗೆ ನುಂಗಲಾಗದ ತುತ್ತು. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು, "ಮುಳ್ಳೂರ್ಗೋದ್ರೆ ಅವ್ನು ನಾಚ್ಕತಿದ್ದ. ಎಲ್ಡು ಕಜ್ಜಾಯಕ್ಕೇ ಸಾಕು ಅಂದ್ಬುಡನು. ಎಡೆ ಇಲ್ಲೇ ಇಕ್ಕವ್ವ. ದಿನ ನಿಮ್ದು, ಮನೆ ನಮ್ದು" ಎಂದಳು. ಪಾಕದ ಪಾತ್ರೆಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಎತ್ತಿಟ್ಟಳು. ಕಜ್ಜಾಯದ ಪಾಕ ಅಷ್ಟು ಸುಲಭಕ್ಕೆ ಕೆಡುವುದಿಲ್ಲ.

ಆಮೇಲಿನ ತಿಂಗಳು ಮಳೆಯದು. ನಮ್ಮ ಕಡೆ ಹಿಂಗಾರು ಬಂದರೆ ಮಧ್ಯಾಹ್ನದವರೆಗೆ ಸುಡುಬಿಸಿಲು, ಸಂಜೆಗೆ ಗುಡ್ಡದ ಕಡೆಯಿಂದ ಕಪ್ಪಗೆ ಎದ್ದು ಸುರಿಯುತ್ತದೆ. ರಾತ್ರಿ ಹಂದಿಯ ಕಾಟ, ಹಗಲು ನವಿಲಿನ ಕಾಟ ಬೇರೆ. ಅವ್ವ ಬೆಳಗಾದರೆ ತಟ್ಟೆ, ಕೋಲು ಹಿಡಿದು ಬದುವಿನ ಮೇಲೆ ಹೋಗಿ ಕೂರುತ್ತಿದ್ದಳು. ಅತ್ತಿಗೆ ದಿನ ಬಿಟ್ಟು ದಿನ ಒಂದು ಗಿಡ ಕಿತ್ತು ಸಿಪ್ಪೆ ಒಡೆದು ನೋಡುವಳು. ಶನಿವಾರ ನಾನು ಹೋದರೆ ಒಡೆದ ಸಿಪ್ಪೆಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟಿರುವಳು. ಮೊದಲು ಬಿಳಿ, ಆಮೇಲೆ ಕಂದುಗೆರೆ, ಆಮೇಲೆ ಕಾಫಿ ಬಣ್ಣ. ಬೇಗ ಕಿತ್ತರೆ ಎಣ್ಣೆ ಇಲ್ಲ, ತಡವಾದರೆ ಮಳೆ ತೇವಕ್ಕೆ ನೆಲದಲ್ಲೇ ಮೊಳೆತುಬಿಡುತ್ತದೆ. ಈ ಸಲ ಅವ್ವ ಅವಸರ ಮಾಡಲಿಲ್ಲ. "ಎಂಗದೆ?" ಎಂದಷ್ಟೇ ಕೇಳುವಳು, ಅತ್ತಿಗೆ "ತುಂಬ್ತಾ ಅದೆ" ಎನ್ನುವಳು. ಇಬ್ಬರೂ ಬಸುರಿಯ ವಿಷಯ ಆಡಿಕೊಳ್ಳುವವರ ಹಾಗೆ ಕಾಣುತ್ತಿದ್ದರು.

ದೀಪಾವಳಿಗೆ ಇನ್ನೂ ದಿನಗಳಿರುವಾಗ, ಮಳೆ ಎರಡು ದಿನ ಬಿಡುವು ಕೊಟ್ಟಾಗ ಕಿತ್ತರು. ನಾನು ರಜೆ ಹಾಕಿ ಹೋಗಿದ್ದೆ. ಮುಳ್ಳೂರಿನಿಂದ ಅತ್ತಿಗೆಯ ಅಣ್ಣ ಟಾರ್ಪಾಲು ಹೊತ್ತು ತಂದ. ಒದ್ದೆ ಮಣ್ಣಿನಿಂದ ಗಿಡ ಸಲೀಸಾಗಿ ಬಂತು. ಅವ್ವ ಕೂತು ಕಾಯಿ ಬಿಡಿಸುತ್ತಿದ್ದಳು, ನಾನೂ ಪಕ್ಕದಲ್ಲಿ ಕೂತೆ. ಕೆಲವು ಆಗಲೇ ಮೊಳೆತಿದ್ದವು, ಸಿಪ್ಪೆ ಸೀಳಿ ಬೆರಳುದ್ದದ ಬಿಳಿ ಮೊಳಕೆ ಆಚೆ ಬಂದಿತ್ತು. ಅವ್ವ ಒಂದನ್ನು ಹಿಡಿದು, "ಇದ್ರಲ್ಲಿ ಎಣ್ಣೆ ಇದ್ದದಾ?" ಎಂದಳು.

"ಇರುತ್ತೆ. ಕಮ್ಮಿಯಾಗ್ತಾ ಹೋಗುತ್ತೆ. ಮೊಳಕೆ ಅದನ್ನ ಮತ್ತೆ ಸಕ್ಕರೆ ಮಾಡಿಕೊಂಡು ತಿನ್ನುತ್ತೆ."

"ಮತ್ತೆ ಅದು ಎಣ್ಣೆ ಮಾಡ್ಕಂಡಿದ್ದು ನಮ್ಗಲ್ವಾ?"

"ನಮಗಲ್ಲ ಅವ್ವ. ಮೊಳೆತ ಮೇಲೆ ಎಲೆ ಬಂದು ಬಿಸಿಲು ಹಿಡಿಯೋವರೆಗೂ ಅದಕ್ಕೆ ಊಟ ಬೇಕಲ್ಲ. ಅಷ್ಟೊತ್ತಿಗೆ ತಾಯಿ ಗಿಡ ಒಣಗಿಹೋಗಿರುತ್ತೆ. ಅದಕ್ಕೆ ಬುತ್ತಿ ಕಟ್ಟಿ ಇಟ್ಟಿರುತ್ತೆ."

ಅವ್ವ ಮೊಳಕೆಯನ್ನು ತಿರುಗಿಸಿ ನೋಡಿದಳು. "ತಾಯಿ ಒಂಟೋಯ್ತದೆ, ಮಗ ಉಳ್ಕತದೆ. ಅದು ಸರಿಯಾದ್ ವರ್ಸೆ" ಎಂದು ಆ ಬೀಜವನ್ನು ಬದುವಿನ ಮಣ್ಣಿಗೆ ಊರಿದಳು.

ನನಗೆ ಕೇಳಿಸಿತು. ಅರ್ಥವೂ ಆಯಿತು. ಎದೆಯಲ್ಲಿ ಎಲ್ಲೂ ತಾಗಲಿಲ್ಲ. ಕಾಯಿ ಬಿಡಿಸುತ್ತಾ ಹೋದೆ.

ಒಣಗಿದ ಮೇಲೆ ಅತ್ತಿಗೆ ಮೊದಲು ಮುಂದಿನ ಬಿತ್ತನೆಗೆ ಬೀಜ ಆಯ್ದು ಬೇರೆ ಇಟ್ಟಳು. ಮುಂದಿನ ಬಿತ್ತನೆ ಎಂದು ಅವಳು ಅಂದದ್ದನ್ನು ಅವ್ವ ಗಮನಿಸಿದಳು. ಟಾರ್ಪಾಲು ತಂದಿದ್ದ ಅವಳ ಅಣ್ಣನೂ ಕೇಳಿಸಿಕೊಂಡು, ತಂಗಿಯನ್ನು ಕರೆಯದೆ ಒಬ್ಬನೇ ಬಸ್ಸು ಹತ್ತಿದ. ಉಳಿದದ್ದನ್ನು ಗಾಣಕ್ಕೆ ತಂದೆವು. ಸಿದ್ದಪ್ಪ ಒಂದು ಬೀಜ ಕಡಿದು ಈ ಸಲ ಉಗಿಯದೆ ನುಂಗಿದ. ಎಣ್ಣೆ ಮೊದಲು ಹನಿಯಾಗಿ, ಆಮೇಲೆ ದಾರವಾಗಿ ಇಳಿಯಿತು. ಇಡೀ ಅಂಗಡಿ ಘಮ್ ಅಂದಿತು. ಅವ್ವ ಕ್ಯಾನಿನ ಬಾಯಿಗೆ ಮೂಗಿಟ್ಟು ಒಂದು ಸಲ ಉಸಿರೆಳೆದುಕೊಂಡಳು. ನನಗೂ ವಾಸನೆ ಬಂತು, ಚೆನ್ನಾಗಿದೆ ಎಂದು ಗೊತ್ತಾಯಿತು. ಗೊತ್ತಾಗುವುದು ಬೇರೆ, ಚೆನ್ನಾಗಿದೆ ಅನ್ನಿಸುವುದು ಬೇರೆ ಎಂದು ಆ ವರ್ಷ ಕಲಿತಿದ್ದೆ.

ದೀಪಾವಳಿ ಅಮಾವಾಸ್ಯೆಯ ಸಂಜೆ. ಗಟ್ಟಿಯಾಗಿದ್ದ ಪಾಕಕ್ಕೆ ಹಾಲು ಚಿಮುಕಿಸಿ ಅತ್ತಿಗೆ ನಾದಿದಳು, ಬಾಳೆಲೆಯ ಮೇಲೆ ತಟ್ಟಿ ಕೊಟ್ಟಳು. ಅವ್ವ ಬಾಂಡಲಿಗೆ ಅಣ್ಣನ ಎಣ್ಣೆ ಸುರಿದು ಕಾಯಿಸಿ ಮೊದಲನೆಯದನ್ನು ಬಿಟ್ಟಳು. ಅದು ಮುಳುಗಿ, ಒಂದು ಕ್ಷಣ ಬಿಟ್ಟು, ಅಂಚಿಗೆಲ್ಲ ನೊರೆ ಕಟ್ಟಿಕೊಂಡು ಮೇಲೆ ಬಂತು. ಕೆಂಪಗಾದ ಮೇಲೆ ಜಾಲರಿಯಲ್ಲಿ ಎತ್ತಿ, ಒತ್ತಿ, ಪಕ್ಕದ ತಟ್ಟೆಗೆ ಹಾಕಿದಳು.

ಎರಡನೆಯದನ್ನು ಬಿಡಲಿಲ್ಲ. ತಟ್ಟೆಯನ್ನು ಬಾಗಿಲ ಕಡೆ ಸ್ವಲ್ಪ ಸರಿಸಿ, ಅದಕ್ಕೆ ಬೆನ್ನು ಮಾಡಿ, ಗೋಡೆ ನೋಡಿಕೊಂಡು ಕೂತಳು.

ಅವ್ವ ಏನು ಮಾಡುತ್ತಿದ್ದಾಳೆಂದು ನನಗೂ ಅತ್ತಿಗೆಗೂ ಒಟ್ಟಿಗೇ ತಿಳಿಯಿತು. ಅತ್ತಿಗೆಯ ಕೈ ಹಿಟ್ಟಿನ ಮೇಲೆ ನಿಂತುಹೋಯಿತು. ಒಲೆ ಉರಿಯುತ್ತಿತ್ತು. ಆಚೆ ಯಾರದೋ ಮನೆಯ ಮುಂದೆ ಪಟಾಕಿ ಹಚ್ಚಿದರು. ಕಜ್ಜಾಯ ತಟ್ಟೆಯಲ್ಲೇ ಇತ್ತು. ಅದರ ಸುತ್ತ ಎಣ್ಣೆ ಇಳಿದು ಸಣ್ಣಗೆ ಒಂದು ಸುತ್ತು ಕಟ್ಟುತ್ತಿತ್ತು. ಅವ್ವನ ಬೆನ್ನು ಅಲುಗಲಿಲ್ಲ. ಅವಳು ಇನ್ನು ಎಷ್ಟು ಹೊತ್ತು ಹಾಗೇ ಕೂತಿರುತ್ತಾಳೋ, ತಿರುಗಿ ನೋಡಿ ಅದು ಅಲ್ಲೇ ಇದ್ದರೆ ಏನು ಮಾಡುತ್ತಾಳೋ ನನಗೆ ಗೊತ್ತಾಗಲಿಲ್ಲ.

ನಾನು ಬಗ್ಗಿ ಕೈ ಹಾಕಿದೆ.

ತಟ್ಟೆ ಠಣ್ ಅಂದಿತು. ಅವ್ವ ತಿರುಗಿಯೂ ನೋಡದೆ, ಇಷ್ಟು ವರ್ಷದ ರೂಢಿಯಿಂದ, ಫಟಾರನೆ ನನ್ನ ಬಲಗೈಗೆ ಬಿಟ್ಟಳು. "ಎಡೆಗ್ ಮುಂಚೆ ಎಂಜ್ಲು ಮಾಡ್ಬ್ಯಾಡ ಅಂತ ಎಷ್ಟ್ ಸಲ ಏಳ್ಬೇಕ್ಲಾ ನಿಂಗೆ!"

ಆಮೇಲೆ ತಿರುಗಿದಳು. ಯಾರ ಕೈ ಎಂದು ನೋಡಿದಳು. ಕಜ್ಜಾಯ ನನ್ನ ಕೈಯಲ್ಲೇ ಇತ್ತು, ಬೆರಳು ಸುಡುತ್ತಿತ್ತು, ಮುಂಗೈ ಚುರುಚುರು ಅನ್ನುತ್ತಿತ್ತು.

"ನೋಯ್ತಾ ಕೂಸು?" ಎಂದಳು ಅವ್ವ.

ನೋಯುತ್ತಿತ್ತು. ಆ ವರ್ಷ ನನಗೆ ಮೊದಲ ಸಲ ನೋವಾಯಿತು. "ಹೂಂ" ಎಂದೆ, ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಅಳತೊಡಗಿದೆ.